ಪದಚರ್ಚೆ: ಆಸ್ಪತ್ರೆಯ ಕನ್ನಡದಲ್ಲಿ 'ಉಪದ್ರವ' ನಡೆಯುತ್ತದಾ?

ಎಲ್ಲರಿಗೂ ನಮಸ್ಕಾರ.

ಕಳೆದ ವಾರ ಮಾವನ ಜೊತೆ ಮಂಗಳೂರಿನ ಒಂದು ಆಸ್ಪತ್ರೆಗೆ ಹೋಗಿದ್ದೆ. ಗದ್ದೆ ಬದುವಿನ ಕಟ್ಟಪುಣಿಯಲ್ಲಿ ಜಾರಿ ಉಳುಕಿದ ಕಾಲು, ವರ್ಷವಾದರೂ ನೋವು ಬಿಟ್ಟಿಲ್ಲ. ಕೀಲಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ಸರಿಮಾಡುವ ಆರ್ತ್ರೊಸ್ಕೋಪಿ ಮಾಡೋಣ ಅಂದರು ಡಾಕ್ಟರು. ಸಹಿಗೆ ಕೊಟ್ಟ ಕನ್ನಡ ಒಪ್ಪಿಗೆ ಪತ್ರದ ಮೊದಲ ಸಾಲೇ 'ಕನಿಷ್ಠ ಆಕ್ರಮಣಕಾರಿ ಪಾದದ ಶಸ್ತ್ರಚಿಕಿತ್ಸೆ'. ಮಾವ ಕೇಳಿದರು, "ಆಕ್ರಮಣ ಮಾಡುವುದು ಯಾರು ಮಾರಾಯ, ಡಾಕ್ಟ್ರಾ?"

ಇಂಗ್ಲಿಷಿನ 'ಮಿನಿಮಲಿ ಇನ್ವೇಸಿವ್'ಗೆ 'ತೂತು ಆಪರೇಷನ್' ಸಾಕಲ್ವಾ? ಆ 'ಕನಿಷ್ಠ' ಓದಿದವರು ಅಪಾಯವೂ ಕನಿಷ್ಠ ಅಂದುಕೊಳ್ಳುತ್ತಾರೆ. ಕಡಿಮೆಯಿರುವುದು ಗಾಯ ಮಾತ್ರ. 'ಪಾದ'ವೂ ತಪ್ಪು, ಕೆಲಸ ನಡೆಯುವುದು ಅದರ ಮೇಲಿನ ಕೀಲಿನಲ್ಲಿ. ಆ ಕೀಲಿಗೆ ನಿಘಂಟಿನ 'ಹರಡು' ನನಗೆ ಇಷ್ಟ. ಆದರೆ 'ಹರಡಿನಲ್ಲಿ ಸೋಂಕು ಹರಡಬಹುದು' ಅಂತ ಬರೆದರೆ ಓದುವವರ ಗತಿ ಏನು!

ನನ್ನ ಮುಖ್ಯ ಪ್ರಶ್ನೆ 'ಕಾಂಪ್ಲಿಕೇಶನ್' ಬಗ್ಗೆ, ಅಂದರೆ ಆಪರೇಷನ್ನಿನಿಂದ ಆಗಬಹುದಾದ ತೊಂದರೆ. ಪತ್ರದಲ್ಲಿ 'ಅಡ್ಡಪರಿಣಾಮ' ಅಂತಿದೆ. ಅದು ಮಾತ್ರೆಗೆ ಸರಿ. ಚಾಕು ತಾಗಿ ನರಕ್ಕೆ ಪೆಟ್ಟಾದರೆ ಅದನ್ನು ಅಡ್ಡಪರಿಣಾಮ ಅನ್ನುತ್ತಾರಾ? ಆಯುರ್ವೇದದಲ್ಲಿ ಮೂಲ ಕಾಯಿಲೆಯ ಬೆನ್ನಿಗೆ ಹುಟ್ಟುವ ಇನ್ನೊಂದು ತೊಂದರೆಗೆ 'ಉಪದ್ರವ' ಅನ್ನುತ್ತಾರೆ. ಅರ್ಥ ಸರಿಯಾಗಿ ಕೂರುತ್ತದೆ. ಕಷ್ಟ ಏನೆಂದರೆ ನಮ್ಮ ಕಡೆ ಸೊಳ್ಳೆಯದ್ದೂ ಉಪದ್ರವೇ, ಪಕ್ಕದ ಮನೆ ನಾಯಿಯದ್ದೂ ಉಪದ್ರವೇ. 'ಆಪರೇಷನ್ನಿನ ಉಪದ್ರವಗಳು' ಅಂದರೆ ಉಡುಪಿಯವರು ನಕ್ಕು ಸಹಿ ಹಾಕಿಬಿಡುತ್ತಾರೆ. 'ತೊಡಕು' ಇದೆ, ಆದರೆ ಅದರಲ್ಲಿ ಕೆಲಸ ಅರ್ಧಕ್ಕೆ ನಿಂತ ಧ್ವನಿಯಿದೆ.

ಇದಕ್ಕಿಂತ ಜಾಸ್ತಿ ಗೊಂದಲ 'ನರ'ದ್ದು. ಡಾಕ್ಟರು ಚೆನ್ನಾಗಿಯೇ ವಿವರಿಸಿದರು. ಕೀಲಿನ ಮುಂದೆ ಎರಡು ತೂತು. ಹೊರಬದಿಯ ತೂತಿನ ಹತ್ತಿರ ಚರ್ಮದ ಕೆಳಗೇ ಒಂದು ನರ (ನರ್ವ್) ಹೋಗುತ್ತದೆ. ಈ ಆಪರೇಷನ್ನಿನಲ್ಲಿ ಹೆಚ್ಚಾಗಿ ಪೆಟ್ಟು ಬೀಳುವುದು ಅದಕ್ಕೇ. ಅದಕ್ಕಾಗಿ ಮೊದಲೇ ಪೆನ್ನಿನಲ್ಲಿ ನರದ ಗುರುತು ಹಾಕಿ, ಚರ್ಮವನ್ನಷ್ಟೇ ಕೊಯ್ದು, ಒಳಗೆ ಮೊಂಡು ಇಕ್ಕಳದಿಂದ ಬಿಡಿಸುತ್ತಾರಂತೆ. ಪೆಟ್ಟಾದರೆ ಪಾದದ ಮೇಲ್ಭಾಗ ಮರಗಟ್ಟುತ್ತದೆ. ಹೆಚ್ಚಿನವರಿಗೆ ನಿಧಾನಕ್ಕೆ ಸರಿಹೋಗುತ್ತದೆ, ಕೆಲವರಿಗೆ ಹಾಗೇ ಉಳಿಯುತ್ತದೆ.

ಎಲ್ಲ ಕೇಳಿ ಮಾವ, "ರಕ್ತ ತುಂಬ ಹೋಗ್ತದಾ?" ಅಂದರು. ಅವರಿಗೆ ನರ ಅಂದರೆ ರಕ್ತನಾಳ. ನಮ್ಮ ಮಾತಿನಲ್ಲಿ ಸ್ನಾಯುವಿನ ತುದಿಯ ಹುರಿಯೂ ನರವೇ ಅಲ್ವಾ? ತಮಾಷೆಯೆಂದರೆ ಪತ್ರದ ಕೆಳಗೆ 'ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಬಹುದು' ಎಂದೂ ಇದೆ. ಅಲ್ಲಿ ಮಾವನ ಅರ್ಥವೇ ಸರಿ!

'ಸ್ಪರ್ಶದ ನರ', 'ರಕ್ತದ ನರ' ಅಂತ ಬಿಡಿಸಿ ಬರೆದರೆ ಹೇಗೆ? ಮತ್ತೆ, 'ಮರಗಟ್ಟು' ಬದಲು 'ಜೋಮು' ಅಂದರೆ ಕಾಲು ಕೊಡವಿದರೆ ಹೋಗುವಂಥದ್ದು ಅನ್ನಿಸುವುದು ನನಗೊಬ್ಬನಿಗೇನಾ?

ಆಪರೇಷನ್ ಮುಂದಿನ ಸೋಮವಾರ. ಪತ್ರದ ಕನ್ನಡ ತಿದ್ದಿ ಕೊಡುತ್ತೇನೆಂದು ಸಿಸ್ಟರ್‌ಗೆ ಸುಮ್ನೆ ಹೇಳಿ ಬಂದಿದ್ದೆ, ಅವರು ನಿಜವಾಗಿಯೂ ಕಾಯುತ್ತಿದ್ದಾರೆ. ಸ್ವಲ್ಪ ಬೇಗ ಬರೆಯಿರಿ.