ವಲಸೆ ಹಕ್ಕಿಯ ‘ಶಿಲ್ಕು’: ಈ ಪದ ಒಪ್ಪುತ್ತದೆಯೇ?

ಗೆಳೆಯರೇ,

ವಲಸೆ ಹಕ್ಕಿಗಳ ಬಗ್ಗೆ ಬರೆಯುತ್ತಾ ಒಂದು ಪದಕ್ಕೆ ಸಿಕ್ಕಿಕೊಂಡು ನಾಲ್ಕು ದಿನವಾಯಿತು. ಇಂಗ್ಲಿಷಿನವರು ‘ಕ್ಯಾರಿ-ಓವರ್ ಎಫೆಕ್ಟ್’ ಎನ್ನುತ್ತಾರೆ. ಹಕ್ಕಿ ಚಳಿಗಾಲವನ್ನು ಎಲ್ಲಿ, ಹೇಗೆ ಕಳೆಯಿತು ಅನ್ನೋದರ ಮೇಲೆ, ಸಾವಿರಾರು ಕಿಲೋಮೀಟರ್ ಆಚೆ ಅದು ಯಾವಾಗ ಗೂಡು ಕಟ್ಟುತ್ತದೆ ಎಂಬುದೂ ನಿಂತಿರುತ್ತದೆ. ಇದಕ್ಕೆ ನಮ್ಮಲ್ಲಿ ಏನನ್ನೋಣ?

ಅಮೆರಿಕನ್ ರೆಡ್‌ಸ್ಟಾರ್ಟ್ ಎಂಬ ಪುಟ್ಟ ಹಕ್ಕಿಯನ್ನೇ ನೋಡಿ. ಜಮೈಕಾದಲ್ಲಿ ಕೆಲವು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಚಳಿಗಾಲ ಕಳೆಯುತ್ತವೆ, ಕೆಲವು ಒಣ ಕುರುಚಲಿನಲ್ಲಿ. ಕಾಂಡ್ಲಾದಲ್ಲಿ ತೇವ ಆರುವುದಿಲ್ಲ, ಹುಳಹುಪ್ಪಟೆ ಜಾಸ್ತಿ. ಬಲಿತ ಗಂಡುಗಳು ಆ ಜಾಗ ಹಿಡಿದು ಉಳಿದವನ್ನು ಓಡಿಸುತ್ತವೆ. ಕುರುಚಲಿಗೆ ಹೋದವು ವಸಂತದ ಹೊತ್ತಿಗೆ ಸೊರಗುತ್ತವೆ, ತಡವಾಗಿ ಹೊರಡುತ್ತವೆ. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಕ್ಷಿವಿಜ್ಞಾನಿ ಪೀಟರ್ ಮಾರ್ರಾ ಮತ್ತು ಜೊತೆಗಾರರು, ಮರಿ ಮಾಡಲು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ಗೆ ಬಂದಿಳಿದ ಹಕ್ಕಿಗಳ ಮೈಯಲ್ಲಿದ್ದ ಇಂಗಾಲದ ಐಸೊಟೋಪ್ (ಒಂದೇ ಧಾತುವಿನ ಬೇರೆ ತೂಕದ ರೂಪ) ಅಳೆದರು. ಯಾವ ಹಕ್ಕಿ ಎಂಥ ಕಾಡಿನಿಂದ ಬಂತು ಎಂದು ಅದು ಹೇಳುತ್ತದೆ. ಮೊದಲು ಬಂದವು ತೇವದ ಕಾಡಿನವು! ಬೇಗ ಬಂದದ್ದಕ್ಕೆ ಒಳ್ಳೆಯ ಜಾಗ ಸಿಗುತ್ತದೆ, ಗೂಡೂ ಬೇಗ.

ಮೊದಲು ‘ಉಳಿಕೆ ಪರಿಣಾಮ’ ಎಂದು ಬರೆದೆ. ಪಳೆಯುಳಿಕೆ ನೆನಪಾಗುತ್ತದೆ, ಎಲ್ಲಾ ಮುಗಿದ ಮೇಲೆ ಮಿಕ್ಕಿದ್ದು ಎಂಬಂತೆ. ‘ಹಿಂಬಾಕಿ’ ಎಂದರೆ ಬರೀ ಸಾಲ. ಆದರೆ ಕಾಂಡ್ಲಾದ ಹಕ್ಕಿ ಗಳಿಸಿಕೊಂಡು ಬಂದಿದೆ ಅಲ್ವಾ? ಆಗ ಹೊಳೆದದ್ದು ‘ಶಿಲ್ಕು’, ಅಂದರೆ ಲೆಕ್ಕದಲ್ಲಿ ಕೈಯಲ್ಲಿ ಉಳಿದ ಮೊತ್ತ. ಲೆಕ್ಕದ ಪುಸ್ತಕದಲ್ಲಿ ಒಂದು ಅವಧಿಯ ಅಖೈರು (ಕೊನೆಯ) ಶಿಲ್ಕೇ ಮುಂದಿನದರ ಆರಂಭ ಶಿಲ್ಕು. ಅದು ಸಮೃದ್ಧವಾಗಿಯೂ ಇರಬಹುದು, ಬಡಕಲಾಗಿಯೂ ಇರಬಹುದು. ‘ಚಳಿಗಾಲದ ಶಿಲ್ಕು’ ಎಂದರೆ ವಿಷಯ ಪೂರಾ ಬಂತು ಅನ್ನಿಸುತ್ತದೆ. ದುಡ್ಡಿನ ವಾಸನೆ ಇದೆ, ನಿಜ. ಚಿಕ್ಕವರಿಗೆ ಈ ಪದ ಗೊತ್ತಿದೆಯೇ ಎಂಬುದೇ ನನ್ನ ಚಿಂತೆ.

ತೊಡಕಿನ ಇನ್ನೊಂದು ಪದ ‘ಚಳಿಗಾಲದ ನೆಲೆ’. ಜಮೈಕಾದಲ್ಲಿ ಆಗ ಇರುವುದು ಒಣಗಾಲ, ಚಳಿಯಲ್ಲ. ಚಳಿ ಹಕ್ಕಿ ಬಿಟ್ಟುಬಂದ ಊರಿನದು. ಈ ದೂರ ಸಣ್ಣದಲ್ಲ. ಪೈಡ್ ಫ್ಲೈಕ್ಯಾಚರ್ ಎಂಬ ನೊಣಹಿಡುಕ ಚಳಿಗಾಲಕ್ಕೆ ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತದೆ. ಅಲ್ಲಿ ಕೂತ ಹಕ್ಕಿಗೆ ಯುರೋಪಿನ ವಸಂತ ಬೇಗ ಬೆಚ್ಚಗಾದದ್ದು ತಿಳಿಯುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ 1980ರಿಂದ 2000ದ ನಡುವೆ, ಮರಿಗಳಿಗೆ ಉಣಿಸುವ ಕಂಬಳಿಹುಳುಗಳು ಬೇಗ ಬರತೊಡಗಿದವು, ಹಕ್ಕಿ ಮಾತ್ರ ಬೇಗ ಬರಲಿಲ್ಲ. ಬಂದಿಳಿದ ಮೇಲೆ ಅವಸರದಿಂದ ಮೊಟ್ಟೆಯಿಟ್ಟರೂ ಹೊತ್ತು ಸಾಲಲಿಲ್ಲ. ‘ತಂಗುನೆಲೆ’ ಎನ್ನೋಣವೆಂದರೆ, ದಾರಿಯಲ್ಲಿ ಇಳಿದು ಹೋಗುವ ಜಾಗಕ್ಕೆ ‘ತಂಗುದಾಣ’ ಆಗಲೇ ಬಳಕೆಯಲ್ಲಿದೆ, ಗೊಂದಲವಾಗುತ್ತದೆ.

‘ಸಂತಾನೋತ್ಪತ್ತಿ’ ಬಿಟ್ಟು ‘ಮರಿ ಮಾಡುವ ಕಾಲ’ ಎಂದೇ ಬರೆಯುತ್ತಿದ್ದೇನೆ, ಅದರಲ್ಲಿ ನನಗೆ ಅನುಮಾನವಿಲ್ಲ. ಶಿಲ್ಕಿನ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಅದಕ್ಕಿಂತ ಒಪ್ಪುವ ಮಾತು ನಿಮ್ಮ ಕಡೆ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.