ಐವತ್ತು ದಾಟಿದ ಮೇಲೆ ಕಪ್ಪೆಗಳ ಕೆಲಸ: ಹವ್ಯಾಸವನ್ನು ವೃತ್ತಿಯಾಗಿಸಿಕೊಳ್ಳಬಹುದೇ?

ಹಳ್ಳದಮನೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನಗೀಗ ಐವತ್ನಾಲ್ಕು ವರ್ಷ. ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮನೆ, ಅಷ್ಟಿಷ್ಟು ಅಡಿಕೆ ತೋಟ. ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಬರುವ ಮಾರ್ಚ್‌ನಲ್ಲಿ ಸ್ವಯಂ ನಿವೃತ್ತಿ ಪಡೆಯುವವನಿದ್ದೇನೆ. ಮನೆಯ ಹಿಂದಿನ ಹಳ್ಳದಲ್ಲಿ ಯಾವ ಕಪ್ಪೆ ಯಾವ ದಿನ ಮೊದಲು ಕೂಗಿತು, ಹಾರುವ ಕಪ್ಪೆಯ ನೊರೆಗೂಡು ಯಾವ ಕೊಂಬೆಯಲ್ಲಿ ಕಂಡಿತು, ಗೊದಮೊಟ್ಟೆಗಳು ಎಂದು ನೀರಿಗೆ ಬಿದ್ದವು ಎಂಬುದನ್ನೆಲ್ಲ 1996ರಿಂದ ಹಳೆಯ ಲೆಡ್ಜರ್ ಪುಸ್ತಕಗಳಲ್ಲಿ ಬರೆದಿಟ್ಟಿದ್ದೇನೆ. ಜಗತ್ತಿನ ಉಭಯವಾಸಿಗಳಲ್ಲಿ ಶೇಕಡಾ 41ರಷ್ಟು ಪ್ರಭೇದಗಳು ಅಳಿವಿನ ಭೀತಿಯಲ್ಲಿವೆ ಎಂಬ 2023ರ ಮೌಲ್ಯಮಾಪನವನ್ನು ಓದಿದ ಮೇಲೆ, ಉಳಿದ ವರ್ಷಗಳನ್ನು ಈ ಕೆಲಸಕ್ಕೇ ಕೊಡಬೇಕೆಂಬ ಹಂಬಲ ಗಟ್ಟಿಯಾಗಿದೆ. ಆದರೆ ನಾನು ಓದಿದ್ದು ಬಿ.ಕಾಂ. "ಕಪ್ಪೆ ಕೂಗಿದರೆ ಮಳೆ ಬಂದೀತು, ಸಂಬಳ ಬರುವುದಿಲ್ಲ" ಎಂಬುದು ಮನೆಯವರ ಮಾತು. ಈ ಹಾದಿಯಲ್ಲಿ ನಡೆದವರು ದಯವಿಟ್ಟು ತಿಳಿಸಬೇಕು.

ಇರುಳುಗಿವಿ:

ಮಾನ್ಯರೇ, ಹನ್ನೊಂದು ವರ್ಷಗಳಿಂದ ಕ್ಷೇತ್ರ ಸಮೀಕ್ಷೆಗಳಲ್ಲಿ ದುಡಿಯುತ್ತಿದ್ದೇನೆ. ಪದವಿ ಇಲ್ಲವೆಂಬುದು ತಾವು ಅಂದುಕೊಂಡಷ್ಟು ದೊಡ್ಡ ತೊಡಕಲ್ಲ. ತಮ್ಮ ಲೆಡ್ಜರುಗಳಲ್ಲಿ ಧ್ವನಿಮುದ್ರಣವಿಲ್ಲದಿರುವುದೇ ಅದಕ್ಕಿಂತ ದೊಡ್ಡ ತೊಡಕು. 1996ರಲ್ಲಿ ತಾವು "ಇರುಳುಗಪ್ಪೆ" ಎಂದು ಬರೆದದ್ದು ಇಂದಿನ ಲೆಕ್ಕದಲ್ಲಿ ಯಾವ ಪ್ರಭೇದವೆಂದು ಬರಹವೊಂದರಿಂದಲೇ ಹೇಳಲಾಗುವುದಿಲ್ಲ, ಏಕೆಂದರೆ ಈಚಿನ ವರ್ಷಗಳಲ್ಲಿ ಪಶ್ಚಿಮಘಟ್ಟದಿಂದ ಹತ್ತಾರು ಹೊಸ ಕಪ್ಪೆಗಳಿಗೆ ಹೆಸರು ಬಿದ್ದಿದೆ. ಉತ್ತರ ಕನ್ನಡದ ಕತ್ತಲೆಕಾನಿನ ಕುಂಬಾರ ಕಪ್ಪೆಗೆ (ಅದೂ ಒಂದು ಇರುಳುಗಪ್ಪೆಯೇ) ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಹೆಸರಿಟ್ಟದ್ದೇ 2014ರಲ್ಲಿ. ಮಣಿಪಾಲದ ಸುತ್ತಲಿನ ಮುರಕಲ್ಲಿನ ಬಯಲಿನಲ್ಲಿ ಸಿಕ್ಕ, ಒಂದೂವರೆ ಸೆಂಟಿಮೀಟರಿಗಿಂತ ತುಸುವೇ ಉದ್ದದ ಕಪ್ಪೆಯನ್ನು ವಿಜ್ಞಾನ ಗುರುತಿಸಿದ್ದು 2016ರಲ್ಲಿ. ಅದರ ಕೂಗನ್ನು ಯಾರಾದರೂ ಜೀರುಂಡೆಯದೆಂದೇ ತಿಳಿದಾರು. ಆದ್ದರಿಂದ ಈ ಮಳೆಗಾಲ ಒಂದು ಸಾಧಾರಣ ರೆಕಾರ್ಡರ್ ಕೊಂಡು, ಹಳೆಯ ಬರಹದ ಒಂದೊಂದು ಕೂಗಿಗೂ ಮುದ್ರಿತ ಧ್ವನಿಯನ್ನು ಹೊಂದಿಸಿಡಿ. ತಾವು ಬರೆದದ್ದು ದಾಖಲೆಯಾಗುವುದು ಆಮೇಲೆ.

ಸಂಪಾದನೆಯ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಸಂಶೋಧಕರಿಗೆ ಸ್ಥಳೀಯ ಸಹಾಯಕರು ಬೇಕಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಉಳಿದ ಎಂಟು ತಿಂಗಳು ತೋಟವೇ ಕೈಹಿಡಿಯಬೇಕು. ಕಾಯ್ದಿಟ್ಟ ಅರಣ್ಯದಲ್ಲಿ ಕೆಲಸ ಮಾಡುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆದಿರಬೇಕು. ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವಾಗ ಬೂಟನ್ನು ತೊಳೆದು ಪೂರ್ತಿ ಒಣಗಿಸಿಕೊಳ್ಳಿ, ಏಕೆಂದರೆ ಬೇರೆ ಖಂಡಗಳಲ್ಲಿ ಕಪ್ಪೆಗಳ ಸಂತತಿಯನ್ನೇ ಅಳಿಸಿದ ಕಿಟ್ರಿಡ್ ಶಿಲೀಂಧ್ರ ಹರಡುವ ದಾರಿಗಳಲ್ಲಿ ಒದ್ದೆ ಬೂಟೂ ಒಂದು.

ಕಾನಿನಂಚಿನ ಕೃಷಿಕೆ:

ನಾನು ಸಿದ್ದಾಪುರದ ಕಡೆಯವಳು. ಹೋಮ್‌ಸ್ಟೇ ನಡೆಸುತ್ತೇನೆ, ರಾತ್ರಿ ಕಪ್ಪೆ ತೋರಿಸುವ ನಡಿಗೆಯಿಂದ ಹಣ ಬರುತ್ತದೆ ಎಂಬುದು ನಿಜ. ಆದರೆ ಮೊದಲ ವರ್ಷದ ತಪ್ಪನ್ನು ಹೇಳದಿದ್ದರೆ ಸರಿಯಾಗದು. ಹದಿನಾಲ್ಕು ಜನರನ್ನು ಒಟ್ಟಿಗೆ ಹಳ್ಳಕ್ಕೆ ಕರೆದೊಯ್ದಿದ್ದೆ. ನೀರಿನ ಮೇಲೆ ಬಾಗಿದ ಕಡ್ಡಿಗೆ ಅಂಟಿದ ಮೊಟ್ಟೆಗಳಿಗೆ ಗಂಡು ಕುಂಬಾರ ಕಪ್ಪೆ ಹಿಂಗಾಲಿನ ಮೇಲೆ ನಿಂತು, ಮುಂಗೈಯಲ್ಲಿ ಕೆಸರು ತಂದು ಮೆತ್ತುತ್ತಿತ್ತು, ಥೇಟ್ ಗೋಡೆಗೆ ಗಿಲಾವು ಮಾಡಿದ ಹಾಗೆ. ಹದಿನಾಲ್ಕು ಟಾರ್ಚ್‌ಗಳು ಒಮ್ಮೆಲೇ ಬಿದ್ದವು. ಅದು ಅರ್ಧಕ್ಕೇ ಬಿಟ್ಟು ನೀರಿಗೆ ಹಾರಿತು. ಮುಕ್ಕಾಲು ಗಂಟೆ ಕಾದರೂ ಬರಲಿಲ್ಲ. ಈಗ ನಾಲ್ವರಿಗಿಂತ ಹೆಚ್ಚು ಜನರನ್ನು ಒಯ್ಯುವುದಿಲ್ಲ, ಟಾರ್ಚಿಗೆ ಕೆಂಪು ಕಾಗದ ಕಟ್ಟುತ್ತೇವೆ, ಮೊಟ್ಟೆ ಇರುವ ಜಾಗಕ್ಕೆ ಹೋಗುವುದೇ ಇಲ್ಲ. ಆದಾಯ ಕಡಿಮೆಯಾಯಿತು, ಆಗಲಿ.

ಸಂರಕ್ಷಣೆ ಎಂದರೆ ಕಾಡಿನೊಳಗಿನ ಕೆಲಸ ಎಂದುಕೊಳ್ಳುವುದು ಬೇಡ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದಿನಲ್ಲಿ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ ಇರುತ್ತದೆ. ಮೈಲುತುತ್ತವೆಂದರೆ ತಾಮ್ರದ ಲವಣ, ಮತ್ತು ತಾಮ್ರ ಗೊದಮೊಟ್ಟೆಗೆ ವಿಷ. ಮದ್ದು ಹೊಡೆಯುವುದೂ ಕಪ್ಪೆ ಮರಿ ಮಾಡುವುದೂ ಒಂದೇ ಮಳೆಗಾಲದಲ್ಲಿ. ಸಂಜೆ ಡ್ರಮ್ ತೊಳೆಯುವುದು ಹಳ್ಳದಲ್ಲಿ. ತೋಟದವರ ಜೊತೆ ಕೂತು ಇದನ್ನು ಮಾತನಾಡಲು ಹೊರಗಿನ ಸಂಶೋಧಕರಿಗಿಂತ ತಮ್ಮಂಥವರೇ ಆಗಬೇಕು. ಇನ್ನೊಂದು: 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯ್ತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಮತ್ತು ಜನತಾ ಜೀವವೈವಿಧ್ಯ ದಾಖಲೆ, ಎಂದರೆ ಊರಿನ ಗಿಡಮರ, ಪ್ರಾಣಿಗಳನ್ನು ಬರೆದಿಡುವ ಪುಸ್ತಕ, ಇರಬೇಕು. ತಮ್ಮೂರಿನ ದಾಖಲೆಯಲ್ಲಿ ಕಪ್ಪೆಗಳ ಪುಟ ಹೇಗಿದೆ ಎಂದು ಒಮ್ಮೆ ನೋಡಿ. ಲೆಕ್ಕ ಬರೆದ ಕೈ ಅಲ್ಲಿಗೆ ಸಲ್ಲುತ್ತದೆ.

ಹಳ್ಳದಮನೆ:

ಇಬ್ಬರಿಗೂ ಕೃತಜ್ಞತೆಗಳು. ರೆಕಾರ್ಡರ್ ಕೊಳ್ಳುವುದು ನಿಶ್ಚಯವಾಯಿತು. ನಿನ್ನೆ ರಾತ್ರಿ ಲೆಡ್ಜರುಗಳನ್ನು ಮೊದಲಿನಿಂದ ತಿರುವಿ ಹಾಕಿದೆ. ಮಳೆ, ಕೂಗು, ಗೂಡು ಎಲ್ಲವೂ ಇವೆ. ನಮ್ಮ ತೋಟದ ಮದ್ದಿನ ಡ್ರಮ್ಮನ್ನು ಅದೇ ಹಳ್ಳದಲ್ಲಿ ತೊಳೆದದ್ದನ್ನು ಮಾತ್ರ ಒಂದು ಕಡೆಯೂ ಬರೆದಿಲ್ಲ. ತೊಳೆದ ನೀರನ್ನು ತಾವು ಎಲ್ಲಿ ಚೆಲ್ಲುತ್ತೀರಿ?

ಕಾನಿನಂಚಿನ ಕೃಷಿಕೆ:

ಚೆಲ್ಲುವುದಿಲ್ಲ. ಆ ನೀರನ್ನು ಬೇರೆ ಕೊಡದಲ್ಲಿ ಹಿಡಿದಿಟ್ಟು ಮರುದಿನದ ಮದ್ದು ಕಲಸಲು ಬಳಸುತ್ತೇವೆ. ಕೊನೆಯ ದಿನದ್ದಕ್ಕೆ ಹಳ್ಳಕ್ಕೂ ತೋಟದ ಕಾಲುವೆಗೂ ದೂರವಾಗಿ, ಎತ್ತರದ ಜಾಗದಲ್ಲಿ, ಮಳೆನೀರು ನುಗ್ಗದಂತೆ ತಗಡು ಮುಚ್ಚಿದ ಗುಂಡಿಯೊಂದಿದೆ. ಕೂಲಿಯವರಿಗೆ ಮೊದಲ ದಿನವೇ ತೋರಿಸಿಬಿಡಿ. ಇಲ್ಲದಿದ್ದರೆ ಅಭ್ಯಾಸಬಲದಿಂದ ಡ್ರಮ್ ಹಳ್ಳಕ್ಕೇ ಇಳಿಯುತ್ತದೆ.