ಆಗಿಹೋದದ್ದನ್ನು ಆಗದಂತೆ ಮಾಡಲು ದೇವರಿಗೆ ಸಾಧ್ಯವೇ?

ಪ್ರಶ್ನೆ: ವಂದನೆಗಳು ಫಾದರ್. ನಮ್ಮ ಧರ್ಮಕೇಂದ್ರದಲ್ಲಿ ನಾನು ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ದೇವರು ಸರ್ವಶಕ್ತನಾದರೆ ತನ್ನಿಂದಲೇ ಎತ್ತಲಾಗದ ಕಲ್ಲನ್ನು ಸೃಷ್ಟಿಸಬಲ್ಲನೇ, ನಿನ್ನೆ ನಡೆದದ್ದನ್ನು ನಡೆಯದಂತೆ ಮಾಡಬಲ್ಲನೇ ಎಂದು ಒಬ್ಬ ಹುಡುಗಿ ಕೇಳಿದಳು. ಆಗದು ಎಂದರೆ ಆತನ ಶಕ್ತಿಗೆ ನಾವೇ ಮಿತಿ ಹಾಕಿದಂತಾಗುವುದಿಲ್ಲವೇ?

ಉತ್ತರ: ಕಲ್ಲಿನ ಪ್ರಶ್ನೆಗೆ ಉತ್ತರ ಚಿಕ್ಕದು. ತನ್ನೊಳಗೇ ವಿರೋಧವಿಲ್ಲದ, ಅಂದರೆ ಒಂದೇ ವೇಳೆಗೆ ಹೌದೂ ಅಲ್ಲವೂ ಆಗಬೇಕಿಲ್ಲದ, ಎಲ್ಲವನ್ನೂ ದೇವರು ಮಾಡಬಲ್ಲನು. ವಿರೋಧವುಳ್ಳದ್ದನ್ನು ಕುರಿತು ‘ದೇವರು ಮಾಡಲಾರನು’ ಎನ್ನುವುದಕ್ಕಿಂತ ‘ಅದು ಆಗಲಾರದು’ ಎನ್ನುವುದೇ ಸರಿ ಎಂದು ಸಂತ ಥಾಮಸ್ ಅಕ್ವಿನಾಸರು (1225–1274) ‘ಸುಮ್ಮಾ ಥಿಯಾಲಜಿಯೆ’ ಎಂಬ ದೇವಶಾಸ್ತ್ರ ಗ್ರಂಥದ ಮೊದಲ ಭಾಗದ 25ನೆಯ ಪ್ರಶ್ನೆಯಲ್ಲಿ ತೀರ್ಮಾನಿಸುತ್ತಾರೆ. ಎಲ್ಲವನ್ನೂ ಎತ್ತಬಲ್ಲವನು ಎತ್ತಲಾರದ ಕಲ್ಲು ಎಂಬ ವಸ್ತುವೇ ಇರಲಾರದು.

ನಿಮ್ಮ ವಿದ್ಯಾರ್ಥಿನಿಯ ಎರಡನೆಯ ಪ್ರಶ್ನೆ ನಿಜಕ್ಕೂ ಆಳವಾದದ್ದು, ಅದನ್ನು ತಳ್ಳಿಹಾಕಬೇಡಿ. ದೇವರು ಎಲ್ಲವನ್ನೂ ಮಾಡಬಲ್ಲನಾದರೂ ಶೀಲಗೆಟ್ಟ ಕನ್ಯೆಯನ್ನು ಮತ್ತೆ ಕನ್ಯೆಯಾಗಿಸಲಾರನು ಎಂದು ಸಂತ ಜೆರೋಮರು 384ರಲ್ಲಿ ಯೂಸ್ಟೋಕಿಯಂ ಎಂಬ ರೋಮಿನ ಯುವತಿಗೆ ಬರೆದ ಪತ್ರದಲ್ಲಿ ಹೇಳಿದ್ದರು. ಸುಮಾರು 1065ರಲ್ಲಿ ಪೀಟರ್ ಡೇಮಿಯನ್ ಎಂಬ ಸನ್ಯಾಸಿ ಈ ಮಾತನ್ನು ಒಪ್ಪದೆ, ಮಾಂಟೆ ಕಸೀನೋ ಮಠದ ಅಧಿಪತಿ ಡೆಸಿಡೇರಿಯಸರಿಗೆ ದೀರ್ಘ ಪತ್ರ ಬರೆದು, ದೇವರು ಮನಸ್ಸು ಮಾಡಿದರೆ ಅದೂ ಸಾಧ್ಯವೆಂದು ವಾದಿಸಿದರು. ಸ್ಥಾಪನೆಯಾದ ರೋಮ್ ನಗರ ಸ್ಥಾಪನೆಯಾಗಿಯೇ ಇರಲಿಲ್ಲ ಎನ್ನುವಂತೆ ಮಾಡಬಹುದೇ ಎಂಬಲ್ಲಿಗೂ ಆ ಚರ್ಚೆ ಹೋಯಿತು. ಅಕ್ವಿನಾಸರು ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ನೋಡುತ್ತಾರೆ. ಪತಿತಳಾದವಳ ದೇಹ, ಮನಸ್ಸುಗಳಿಂದ ಕಳಂಕವನ್ನೆಲ್ಲ ದೇವರು ತೊಡೆದುಹಾಕಬಲ್ಲನು. ಆದರೆ ಅವಳು ಒಮ್ಮೆ ಪತಿತಳಾಗಿದ್ದಳು ಎಂಬ ಸಂಗತಿ ಇಲ್ಲವಾಗದು, ಏಕೆಂದರೆ ನಡೆದದ್ದು ನಡೆಯಲಿಲ್ಲ ಎನ್ನುವುದೂ ಒಂದು ವಿರೋಧವೇ. ನನಗೆ ಈ ವಿಂಗಡಣೆಯೇ ಸರಿ ಎನಿಸುತ್ತದೆ.

ಮರುಪ್ರಶ್ನೆ: ಹಾಗಾದರೆ ಪಾಪಕ್ಷಮೆ ಅಪೂರ್ಣವೆಂದಾಯಿತಲ್ಲವೇ, ಫಾದರ್?

ಉತ್ತರ: ಇಲ್ಲ. ಕ್ಷಮೆಗೆ ನಡೆದ ತಪ್ಪೊಂದು ಇರಲೇಬೇಕು. ತಪ್ಪೇ ನಡೆಯಲಿಲ್ಲವಾದರೆ ಕ್ಷಮಿಸುವುದಕ್ಕೆ ಏನೂ ಉಳಿಯುವುದಿಲ್ಲ. ಪುನರುತ್ಥಾನರಾದ ಯೇಸು ಶಿಷ್ಯ ತೋಮನಿಗೆ ತಮ್ಮ ಕೈಗಳಲ್ಲೂ ಪಕ್ಕೆಯಲ್ಲೂ ಇದ್ದ ಗಾಯದ ಗುರುತುಗಳನ್ನು ತೋರಿಸಿದರೆಂದು ಯೊವಾನ್ನನ ಶುಭಸಂದೇಶ ಹೇಳುತ್ತದೆ. ಶಿಲುಬೆಯ ಮರಣವನ್ನು ದೇವರು ನಡೆಯದಂತೆ ಮಾಡಲಿಲ್ಲ, ಅದನ್ನು ಗೆದ್ದನು. ತೀರಿಕೊಂಡವರಿಗಾಗಿ ಅಳುವವರಿಗೆ ಧರ್ಮಸಭೆ ಕೊಡುವ ಭರವಸೆಯೂ ಇದೇ ಬಗೆಯದು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಫಾದರ್, ಹೀಗೆಂದರೆ ತರ್ಕಶಾಸ್ತ್ರವೇ ದೇವರಿಗಿಂತ ದೊಡ್ಡದೆಂದಾಗುತ್ತದೆ.

ಉತ್ತರ: ಇದೇ ಆತಂಕದಿಂದ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ 1630ರಲ್ಲಿ ತನ್ನ ಗೆಳೆಯ ಮೆರ್ಸೆನ್‌ಗೆ ಬರೆದ ಪತ್ರಗಳಲ್ಲಿ, ಗಣಿತದ ಸತ್ಯಗಳು ಕೂಡ ದೇವರ ಇಚ್ಛೆಯಿಂದಲೇ ಸ್ಥಾಪಿತವಾದವು ಎಂದನು. ಇದು ಭಕ್ತಿಯ ಮಾತಿನಂತೆ ಕಂಡರೂ ನಾನು ಒಪ್ಪಲಾರೆ. ವಿರೋಧವೂ ದೇವರಿಗೆ ಸಾಧ್ಯವಾದರೆ ಆತನು ಒಂದೇ ವಾಗ್ದಾನವನ್ನು ಉಳಿಸಿಕೊಂಡು ಅದೇ ಕ್ಷಣದಲ್ಲಿ ಮುರಿಯಲೂಬಹುದು; ಆಗ ಯಾವ ವಾಗ್ದಾನವನ್ನು ನೆಚ್ಚುವುದು? ದೇವರು ಸುಳ್ಳಾಡಲಾರನೆಂದು ಬೈಬಲಿನಲ್ಲಿ ತೀತನಿಗೆ ಬರೆದ ಪತ್ರವೂ, ತನ್ನನ್ನು ತಾನೇ ಅಲ್ಲಗಳೆಯಲಾರನೆಂದು ತಿಮೊಥೇಯನಿಗೆ ಬರೆದ ಎರಡನೆಯ ಪತ್ರವೂ ಹೇಳುತ್ತವೆ. ಸುಳ್ಳಾಡುವುದು ಶಕ್ತಿಯಲ್ಲ, ದೌರ್ಬಲ್ಯ ಎಂದು ಸಂತ ಆನ್ಸೆಲ್ಮರು ‘ಪ್ರೊಸ್ಲೋಗಿಯನ್’ನ ಏಳನೆಯ ಅಧ್ಯಾಯದಲ್ಲಿ ವಿವರಿಸಿದ್ದಾರೆ. ಈ ‘ಲಾರನು’ಗಳನ್ನು ಹೊರಗಿನ ಯಾವ ನಿಯಮವೂ ದೇವರ ಮೇಲೆ ಹೇರಿಲ್ಲ, ಅವು ಆತನ ಸ್ವಭಾವದಿಂದಲೇ ಬಂದವು.